ಎಡಗೈ ಡಾಕ್ಟರನ ಕೋವಿ

ಮೂವತ್ತೊಂದು ವರ್ಷ! ಫೆರ್ಲಾಹ್ ಊರಿನ ಪ್ರಾಸ್ನಿಗ್ ಯಜಮಾನರ ಕೋವಿ ಕಾರ್ಖಾನೆಯಲ್ಲಿ ಎಗಿಡ್ ವೂಟೆ ಅಷ್ಟು ವರ್ಷ ಅಕ್ರೋಟು ಮರ ಕೆರೆದು, ಹೆಗಲಿಗೂ ಕೆನ್ನೆಗೂ ಆನಿಸುವ ಕೋವಿಯ ಹಿಡಿ ಮಾಡಿದ್ದ. ‘ನನ್ನ ನಂತರ ಇದೆಲ್ಲ ನಿಂದೇ ಕಣೋ’ ಎಂದು ಯಜಮಾನರು ಪ್ರತಿ ಕ್ರಿಸ್ಮಸ್ಸಿಗೂ ಬೆನ್ನು ತಟ್ಟಿದ್ದರು. ಈಗ ನೋಡಿದರೆ ಕಾರ್ಖಾನೆಯನ್ನು ಡಾಕ್ಟರ್ ತ್ಸೌನ್‌ಶಿರ್ಮ್‌ಗೆ ಮಾರುತ್ತಾರಂತೆ. ಹಲ್ಲು ಕೀಳುವ ಡಾಕ್ಟರಿಗೆ! ಅವನು ಹಿಡಿ ಕೊರೆಯುವ ಯಂತ್ರ ತರಿಸುತ್ತಾನಂತೆ. ಸೋಮವಾರವೇ ಸಹಿ.

“ಹಾಗಾದ್ರೆ ನನ್ನ ಗತಿ ಏನು, ಯಜಮಾನ್ರೇ?”

“ಯಂತ್ರಕ್ಕೆ ಎಣ್ಣೆ ಬಿಡೋಕೆ ಒಬ್ಬ ಬೇಕಲ್ಲಪ್ಪ, ಇರು.” ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಗಿಡ್‌ಗೆ ಮೈಯೆಲ್ಲ ಉರಿದುಹೋಯಿತು. ಇದೇ ಡಾಕ್ಟರು ತನ್ನ ಹೊಸ ಕೋವಿಯನ್ನು ಐದು ಸಲ ವಾಪಸ್ಸು ತಂದಿದ್ದ. ಎಡಗೈಯವನು, ಮೋಟು ತೋಳು, ದಪ್ಪ ಕತ್ತು, ಊದಿದ ದವಡೆ. “ಕೆನ್ನೆಗೆ ಕೂರ್ತಿಲ್ಲ ಕಣ್ರೀ. ನೀವೇನು ಸೌದೆ ಸೀಳೋರಾ?” ಐದು ಸಲವೂ ಎಗಿಡ್ ಹಲ್ಲು ಕಚ್ಚಿಕೊಂಡು ಅರದಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉಜ್ಜಿ ತಗ್ಗಿಸಿದ್ದ. ಆರನೆಯ ಸಲ ಡಾಕ್ಟರು ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗಿಟ್ಟು ಕಣ್ಣು ತೆರೆದ. ಗುರಿ ನೇರವಾಗಿ ಕಣ್ಣಿಗೇ ಬಂದು ಕೂತಿತ್ತು. ಈ ಕೋವಿ ಭೂಮಿಯ ಮೇಲೆ ಅವನೊಬ್ಬನಿಗೇ ಸರಿ, ಅದು ಊರಿಗೆಲ್ಲ ಗೊತ್ತು. ಎಗಿಡ್‌ನ ಯೋಚನೆ ಹುಟ್ಟಿದ್ದು ಆಗಲೇ.

ಯಜಮಾನರು ಈ ಕೋವಿಯಿಂದ ಸತ್ತರೆ ಡಾಕ್ಟರು ಜೈಲಿಗೆ. ಮಾರಾಟ ಬೇಡವೆಂದು ಮೊದಲಿಂದಲೂ ಜಗಳ ಆಡುತ್ತಿದ್ದ ಯಜಮಾನರ ಹೆಂಡತಿ ಕಾರ್ಖಾನೆಯನ್ನು ತನಗಲ್ಲದೆ ಇನ್ನಾರಿಗೆ ಕೊಟ್ಟಾಳು?

ಎಲ್ಲವೂ ತಾನಾಗಿಯೇ ಒದಗಿಬಂತು. ಶನಿವಾರ ಹೋಟೆಲಿನಲ್ಲಿ, ಕಾರ್ಖಾನೆಯ ಬಾಗಿಲ ಮೇಲೆ ಯಾರ ಹೆಸರಿರಬೇಕೆಂದು ಯಜಮಾನರೂ ಡಾಕ್ಟರೂ ಮೇಜು ಗುದ್ದಿ ಕೂಗಾಡಿದರು. ಭಾನುವಾರ ಬೆಳಿಗ್ಗೆ ಯಜಮಾನರು ಜಿಂಕೆಗಾಗಿ ಬೆಟ್ಟದ ಮಚಾನು ಹತ್ತುವುದು ತಪ್ಪದು, ಡಾಕ್ಟರು ಬೇಟೆಮನೆಯಲ್ಲಿ ಹತ್ತರವರೆಗೆ ಗೊರಕೆ ಹೊಡೆಯುವುದೂ ತಪ್ಪದು. ಹಿಡಿಗೆ ಕೊನೆಯ ಎಣ್ಣೆ ತಿಕ್ಕಲೆಂದು ಡಾಕ್ಟರು ಕೊಟ್ಟ ಬೇಟೆಮನೆಯ ಬೀಗದ ಕೈ ಎಗಿಡ್‌ನ ಜೇಬಿನಲ್ಲೇ ಇತ್ತು. ಬೆರಳ ಗುರುತು ಸಿಕ್ಕರೂ ಏನಂತೆ, ಕೋವಿ ಮಾಡಿದವನೇ ತಾನು! ಎಡಹೆಗಲಿಗಿಟ್ಟು ಹಿಡಿಯುವುದನ್ನು ಕೆಲವು ರಾತ್ರಿ ಕೋಲಿನಿಂದ ರೂಢಿ ಮಾಡಿಕೊಂಡಿದ್ದ. ಒಂದೇ ಗುಂಡು. ಯಜಮಾನರು ಕೂಗಲೂ ಇಲ್ಲ. ಕೋವಿಯನ್ನು ಬೇಟೆಮನೆಯ ಗೋಡೆಯ ಗೂಟಕ್ಕೆ ಮತ್ತೆ ತೂಗುಹಾಕಿ, ಎಂಟಕ್ಕೆಲ್ಲ ಮನೆಗೆ ಬಂದು, ದಾಲ್ಚಿನ್ನಿಯ ರೈಂಡ್‌ಲಿಂಗ್ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿಕೊಂಡು ತಿಂದ.

ಸೋಮವಾರ ಪೊಲೀಸ್ ಅಧಿಕಾರಿ ರೊಸ್ವಿತಾ ಕೋಫ್ಲರ್ ಆ ಕೋವಿಯನ್ನು ತಂದು ಅವನ ಮೇಜಿನ ಮೇಲಿಟ್ಟಳು.

“ಡಾಕ್ಟ್ರು ತಾನಲ್ಲ ಅಂತ ಅಳ್ತಿದಾರೆ. ಬೇರೆ ಯಾರಾದ್ರೂ ಇದ್ರಲ್ಲಿ ಹೊಡೆದಿರಬಹುದಾ?”

ಎಗಿಡ್ ಕಾಯುತ್ತಿದ್ದದ್ದು ಈ ಪ್ರಶ್ನೆಗೇ. “ಸಾಧ್ಯವೇ ಇಲ್ಲ ಮೇಡಂ. ಇದು ಅವರ ಮೈಗೆ ಅಳತೆ ಹಿಡಿದು ಮಾಡಿದ್ದು.”

“ಆದ್ರೂ ಒಬ್ಬ ಹಠ ಮಾಡಿ ಹೊಡೆದ ಅಂತಿಟ್ಕೊಳ್ಳಿ?”

“ಹೊಡೀಲಿ, ಗೊತ್ತಾಗುತ್ತೆ!” ಎಗಿಡ್ ಹೆಮ್ಮೆಯಿಂದ ಹಿಡಿಯ ಉಬ್ಬನ್ನು ಸವರಿದ. “ಹಿಡಿ ಗಿಡ್ಡ, ಈ ಉಬ್ಬು ಡಾಕ್ಟ್ರ ದವಡೆಗೆ ಸರಿಯಾಗಿದೆ. ಬೇರೆಯವರಿಗೆ ಇದು ಬಂದು ನೇರ ಕೆನ್ನೆಮೂಳೆಗೇ ಬಡಿಯುತ್ತೆ. ನಾಲ್ಕು ದಿನ ನೀಲಿ ಕಟ್ಕೊಂಡು ಓಡಾಡಬೇಕು.”

“ಡಾಕ್ಟ್ರ ಕೆನ್ನೆ ಮೇಲೆ ಏನೂ ಇಲ್ಲ.”

“ಹೇಗಿರುತ್ತೆ ಮೇಡಂ, ಅವರಿಗೇ ಮಾಡಿದ್ದಲ್ವಾ!”

ಅವಳು ಅವನ ಎಡಗೆನ್ನೆಯನ್ನೇ ನೋಡುತ್ತ ನಿಂತಳು. ಎಗಿಡ್ ಎರಡು ದಿನದಿಂದ ಗಡ್ಡ ಹೆರೆದಿರಲಿಲ್ಲ, ಕನ್ನಡಿಯನ್ನೂ ನೋಡಿರಲಿಲ್ಲ. ಬೆಟ್ಟದ ಮೇಲೆ ಕೋವಿ ಒದ್ದಾಗ ಅವನ ಗಮನವೆಲ್ಲ ಮಚಾನಿನ ಮೇಲೆ. ಮೂವತ್ತೊಂದು ವರ್ಷ ಪರರ ಕೆನ್ನೆಗೆ ಮರ ಕೆರೆದವನು, ಭಾನುವಾರದವರೆಗೆ ಪರರ ಕೋವಿಯಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. ಹೊಡೆದು ನೋಡುವುದು ಯಾವಾಗಲೂ ಗಿರಾಕಿಯ ಕೆಲಸ. ಅವನ ಕೈ ತಾನಾಗಿಯೇ ಮೇಲೆದ್ದು ಎಡಗಣ್ಣಿನ ಕೆಳಗೆ ಮುಟ್ಟಿತು. ಅಲ್ಲಿ ಊದಿಕೊಂಡಿತ್ತು, ಮುಟ್ಟಿದರೆ ನೋಯುತ್ತಿತ್ತು.