ಗೌರೀಶನ ಹೆಬ್ಬೆರಳು

ರಾಚವ್ವ ತನ್ನ ಬಲಗೈ ಹೆಬ್ಬೆರಳನ್ನು ಸೆರಗಿನಿಂದ ಒರೆಸಿಕೊಂಡು, ತೀರಿಹೋದ ಮಗನ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ, ಬೆರಳಿನ ಗುರುತು ಹಿಡಿಯುವ ಸಣ್ಣ ಪಟ್ಟಿಯ ಮೇಲೆ ಮೆಲ್ಲಗೆ ಎಳೆದಳು. ಪರದೆಯ ಮೇಲೆ ಕೆಂಪು ಗೆರೆಯೊಂದು ಮೂಡಿ ಅಳಿಯಿತು. ಮತ್ತೆ ಎಳೆದಳು. ಮತ್ತೆ ಅದೇ ಕೆಂಪು.

"ನನ್ನ ಹೊಟ್ಟ್ಯಾಗ ಬೆಳೆದ ಬೆರಳ ಅವಂದು. ನನ್ನ ಗುರುತ ಇದಕ್ಕ ಯಾಕ ಹತ್ತವಲ್ದು?"

"ಹಂಗಲ್ಲಬೇ," ಎಂದ ಹಿರಿಯ ಮಗ ಬಸವಲಿಂಗ. "ಒಬ್ಬರ ಬೆರಳಿನಂಗ ಇನ್ನೊಬ್ಬರದು ಇರಂಗಿಲ್ಲ. ಬೆರಳ ಒಪ್ಪಲಿಲ್ಲಂದ್ರ ಪಾಸ್‌ವರ್ಡ್ ಹೊಡೀಬೇಕು. ಗೊತ್ತಿದ್ದವರು ಬಾಯಿ ಬಿಡಬೇಕಲ್ಲ."

ಅವನ ಕಣ್ಣು ಅಡುಗೆಮನೆಯ ಬಾಗಿಲಿನತ್ತ ಹೊರಳಿತು. ಅಲ್ಲಿ ಎರಡು ವರ್ಷದ ಮೀನಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು ಗೌರೀಶನ ಹೆಂಡತಿ ಗಂಗಾ.

ಗೌರೀಶ ಸವದತ್ತಿಯಲ್ಲಿ ಮದುವೆಗಳ ವಿಡಿಯೊ ತೆಗೆಯುವವ. ಮುರಗೋಡದಿಂದ ಚಚಡಿಯವರೆಗೆ ಎಷ್ಟೋ ಮನೆಗಳ ಅಕ್ಕಿಕಾಳು ಅವನ ಕ್ಯಾಮೆರಾದ ಮುಂದೆ ಬಿದ್ದಿದ್ದವು. ಆದರೆ ತೆಗೆಯುವವನನ್ನು ತೆಗೆದವರು ಯಾರು? ಒಂದು ಮದುವೆಯ ವಿಡಿಯೊದಲ್ಲಿ, ಗೋಡೆಯ ಕನ್ನಡಿಯೊಳಗೆ ಅವನ ಮೊಣಕೈ ಕಾಣುತ್ತದೆ, ಅಷ್ಟೆ. ತನ್ನ ದನಿ ಸೇರಬಾರದೆಂದು ಕೆಲಸದ ಹೊತ್ತಿನಲ್ಲಿ ತುಟಿಯನ್ನೇ ಬಿಚ್ಚುತ್ತಿರಲಿಲ್ಲ. ಹೃದಯದ ಕವಾಟ ಕೆಟ್ಟು, ಬೆಳಗಾವಿಯಲ್ಲಿ ಆಪರೇಶನ್ ಎಂದು ಗೊತ್ತಾದ ಮೇಲೆ, ಅದೇ ಕ್ಯಾಮೆರಾದ ಮುಂದೆ ಕದ ಮುಚ್ಚಿಕೊಂಡು ಕೂತು ಮಗಳಿಗೆಂದು ಮಾತಾಡಿದ. ಸಾಲಿಗೆ ಹೋಗುವ ದಿನ ಕೇಳಲೆಂದು ಒಂದಿಷ್ಟು, ಮದುವೆಯ ದಿನ ಕೇಳಲೆಂದು ಒಂದಿಷ್ಟು. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿ, ಎಂದಿನ ರೂಢಿಯಂತೆ ಕ್ಯಾಮೆರಾದ ಕ್ಯಾಸೆಟ್ಟನ್ನು ಅಳಿಸಿ ಮುಂದಿನ ಮದುವೆಗೆ ಬಳಸಿಬಿಟ್ಟ. ಅವನ ದನಿ ಎಂಬುದು ಈ ಲೋಕದಲ್ಲಿ ಉಳಿದಿದ್ದರೆ ಆ ಕಪ್ಪು ಪೆಟ್ಟಿಗೆಯೊಳಗೆ ಮಾತ್ರ...

ಬೆಳಗಾವಿಗೆ ಹೊರಡುವ ಹಿಂದಿನ ಸಂಜೆ ಅವನು ಗಂಗಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದ. "ನಿನ್ನ ಹೆಬ್ಬೆರಳೂ ಇದಕ್ಕ ಗುರುತ ಮಾಡಿಸಿ ಇಡ್ತೇನಿ. ಬೆರಳ ಒಮ್ಮೊಮ್ಮೆ ಒಪ್ಪಂಗಿಲ್ಲ, ಅದಕ್ಕ ಪಾಸ್‌ವರ್ಡ್‌ನೂ ಹೇಳ್ತೇನಿ, ಕೇಳಿಲ್ಲೆ..."

ಹಾಲಿನ ಲೋಟ ಹಿಡಿದು ಒಳಬಂದ ರಾಚವ್ವ ಲೋಟ ಕೆಳಗಿಟ್ಟವಳೇ ಮಗನ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ದವಾಖಾನಿಗೆ ಹೋಗು ಮುಂದ ಹಿಂದಿದ್ದವರ ಕೈಯಾಗ ಕೀಲಿ ಕೊಡಬಾರದಪಾ. ಕೊಟ್ಟಾಂವ ತಿರುಗಿ ಬರಂಗಿಲ್ಲಂತಾರ. ನೂರ ವರ್ಷ ನೀನಽ ನಿನ್ನ ಬೆರಳಲೆ ತಗೀತಿ, ಸುಮ್ನಿರು."

ಆ ಕೈಯೊಳಗೇ ನಕ್ಕ ಗೌರೀಶ. "ಆತ ಬಿಡಬೇ. ಬಂದಮ್ಯಾಲೆ ಹೇಳಿದ್ರಾತು."

ಬರಲಿಲ್ಲ.

ಬೆಳಗಾವಿಯ ರಿಪೇರಿ ಅಂಗಡಿಯವನು ಬೆಳಗಿನಿಂದ ಸಂಜೆಯ ತನಕ ಲ್ಯಾಪ್‌ಟಾಪಿನೊಂದಿಗೆ ಹೆಣಗಿದ್ದ. ಕೊನೆಗೆ, "ಅಕ್ಕಾರ, ಒಳಗಿನ ಡಿಸ್ಕಿಗೂ ಬೀಗ ಹಾಕ್ಯಾರ. ಎಲ್ಲಾ ಅಳಿಸಿ ಹೊಸಾದು ಮಾಡಿ ಕೊಡಬಹುದು. ಉಳಿಸಿ ತಗಿಯೂದು ನನ್ನ ಕೈಲೆ ಆಗಲಿಲ್ಲ," ಎಂದು ತಲೆ ತಗ್ಗಿಸಿದ್ದ. ಕೂಲಿ ಬೇಡವೆಂದ. ಪರದೆಯ ಮೇಲಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ನಿದ್ದೆ ಹೋದ ಕೂಸನ್ನು ಎತ್ತಿಕೊಟ್ಟಂತೆ ಗಂಗಾಳ ಕೈಗಿತ್ತಿದ್ದ.

"ಗಂಡ ಆದಾಂವ ಹೆಂಡ್ತಿಗೆ ಹೇಳದಽ ಹೋಗ್ತಾನೇನು?" ಬಸವಲಿಂಗ ಈಗ ನೇರವಾಗಿಯೇ ಕೇಳಿದ.

"ಆಕಿ ಯಾಕ ಹೇಳ್ಯಾಳು?" ಎಂದಳು ರಾಚವ್ವ. "ನನ್ನ ಮಗನ ದನಿ ಸೆರಗಿನ್ಯಾಗ ಗಂಟ ಹಾಕ್ಕೊಂಡಾಳ. ನಾವು ಕೇಳಿದ್ರ ಸವದ ಹೋಗ್ತೈತಲ್ಲ. ನಾಳೆ ತವರಿಗೆ ಹೊತ್ಕೊಂಡು ಹೋಗಿ ಒಬ್ಬಾಕಿನಽ ಕೇಳ್ತಾಳ."

ಇಷ್ಟು ದಿನ ನುಂಗಿಕೊಂಡಿದ್ದ ಗಂಗಾಳಿಗೆ ಇಂದು ತಡೆಯಲಾಗಲಿಲ್ಲ. ಅಂದಿನ ಸಂಜೆಯದನ್ನೆಲ್ಲ ಹೇಳಿಯೇ ಬಿಡಬೇಕೆಂದು ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ, ಮತ್ತೊಮ್ಮೆ ಪಟ್ಟಿಯತ್ತ ಚಾಚಿದ್ದ ಮುದುಕಿಯ ಕೈ ನಡುದಾರಿಯಲ್ಲೇ ನಿಂತಿತು.

"ಗಂಗಾ..." ರಾಚವ್ವನ ದನಿ ಸಣ್ಣದಾಗಿತ್ತು. "ಅವತ್ತು ನಾ ಹಾಲ ತಂದಾಗ... ಅಂವ ಏನೋ ಹೇಳಾಕ ಹತ್ತಿದ್ದ. ಅದಽ ಇದೇನು? ನಾನಽ ಅವನ ಬಾಯಿ..."

ಅವಳು ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ಮಗ ಹೋದಾಗಿನಿಂದ ಅರ್ಧ ರೊಟ್ಟಿಯ ಮೇಲೆ ಜೀವ ಹಿಡಿದಿದ್ದ ದೇಹ, ಗಾಳಿಗೆ ಒಣ ದಂಟು ಅಲುಗುವಂತೆ ಅಲುಗತೊಡಗಿತು. ಗಂಗಾ ನೋಡಿದಳು. ತನ್ನ ಬಾಣಂತನದಲ್ಲಿ ನಡುವಿಗೆ ಬಿಸಿ ಎಣ್ಣೆ ತಿಕ್ಕಿದ ಕೈ ಅದು. ಬಾಯಿ ಕೆಟ್ಟದ್ದಾದರೂ ಕೈಗೆ ಕರುಣೆಯಿತ್ತು. ಈ ಒಂದು ಮಾತು ನಿಜವೆಂದು ತಿಳಿದರೆ ಈ ತಾಯಿ ನಾಳೆಯ ಬೆಳಗು ಕಾಣುವಳೇ?

"ಅದಲ್ರಿ ಅತ್ತಿ," ಎಂದಳು ಗಂಗಾ. "ನೀವು ಹಾಲ ಇಟ್ಟು ಹೊರಗ ಹೋದಮ್ಯಾಲೆ ಹೇಳಿದ್ರು. ಎರಡ ಸಲ ಹೇಳಿದ್ರು. ನಾನಽ ಮರತೇನಿ."

ರಾಚವ್ವನ ಎದೆಯಿಂದ ಉದ್ದನೆಯ ಉಸಿರೊಂದು ಹೊರಬಿತ್ತು. ಮುಖಕ್ಕೆ ಮೆಲ್ಲಗೆ ರಕ್ತ ಮರಳಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಮರತಿ? ಗಂಡನ ಕಡೀ ಮಾತ ಮರತಿ? ಹೊತ್ತೊತ್ತಿಗೆ ಉಣ್ಣೂದು ಮರತೀಯೇನು? ನನ್ನ ಮಗಾ ಒಮ್ಮೆ ಸತ್ತಿದ್ದ, ನೀ ಇನ್ನೊಮ್ಮೆ ಕೊಂದಿ ನೋಡು."

ಬಸವಲಿಂಗ ಲ್ಯಾಪ್‌ಟಾಪನ್ನು ಮುಚ್ಚಿ ಕಪಾಟಿನ ಮೇಲಿಟ್ಟ. ಅಳಿಸಿ ಮಾರಲು ಅವನಿಗೂ ಮನಸ್ಸಾಗಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವ.

ರಾಚವ್ವ ಬದುಕಿದಳು. ಸೊಸೆಯ ಮೇಲಿನ ಸಿಟ್ಟೇ ಅವಳಿಗೆ ಊರುಗೋಲಾಯಿತು. ಅರ್ಧ ರೊಟ್ಟಿ ಒಂದಾಯಿತು, ಒಂದು ಎರಡಾಯಿತು. ಆದರೆ ಗಂಗಾಳ ಕೈಯಿಂದ ಅವಳು ನೀರು ಮುಟ್ಟಲಿಲ್ಲ. ಬಂದವರಿಗೆಲ್ಲ, "ಈಕೀನಽ ನೋಡ್ರಿ ಮರತಾಕಿ," ಎಂದು ತೋರಿಸಿದಳು. ಮೊಮ್ಮಗಳಿಗೆ ತಿಳಿವಳಿಕೆ ಬಂದಾಗ ಅವಳಿಗೂ ಹೇಳಿದಳು.

ಮೀನಾ ಸಾಲಿಗೆ ಹೋಗತೊಡಗಿದಳು. ಪಾಟಿಚೀಲ ಇಳಿಸಿದವಳೇ ಅವ್ವನ ತೊಡೆಯೇರಿ, ಎರಡೂ ಅಂಗೈಯಲ್ಲಿ ಅವಳ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಳ್ಳುತ್ತಿದ್ದಳು.

"ಅವ್ವಾ, ಇವತ್ತರ ನೆನಪಾತೇನ?"

"ಇಲ್ಲವ್ವಾ."

"ನಾಳೆ ಆಗತೈತೇನ?"

ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ರಾಚವ್ವನ ಕೈ ನಿಂತಿತು. ಅವಳೂ ಉತ್ತರಕ್ಕೆ ಕಿವಿಗೊಟ್ಟಿದ್ದಳು.

"ನೋಡೂಣು," ಎಂದು ಗಂಗಾ ಮಗಳ ಜಡೆ ಬಿಚ್ಚತೊಡಗಿದಳು.