ಹತ್ತು ದಿನದ ಕಾವಲು

"ಎಷ್ಟು ದಿನದಿಂದ ಇದನ್ನ ಹೀಗಿಟ್ಟಿದ್ದೀರಿ? ಮೈಯೆಲ್ಲ ಕೀಲೆಣ್ಣೆ, ಪಕ್ಕೆಲುಬು ಎಣಿಸಬಹುದು, ಹಿಂಗಾಲಲ್ಲಿ ಕೀವು. ಒಂದಾದ್ರೂ ಲಸಿಕೆ ಹಾಕ್ಸಿದ್ದೀರಾ? ನೋಡ್ಕೊಳ್ಳೋಕೆ ಆಗದಿದ್ರೆ ಯಾಕ್ರೀ ಸಾಕ್ತೀರಿ?"

ಟೇಬಲ್ಲಿನ ಆಚೆ ನಿಂತಿದ್ದವನು ನನ್ನ ಬೈಗುಳವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಗೋಡೆಯ ಗಡಿಯಾರ ನೋಡಿ ಹೇಳಿದ.

"ಇಪ್ಪತ್ತು ನಿಮಿಷದಿಂದ, ಡಾಕ್ಟ್ರೇ."

ನಾನು ಟೇಬಲ್ಲಿನ ಮೇಲಿದ್ದ ಬೆಕ್ಕನ್ನು ಬಿಟ್ಟು ಅವನನ್ನು ನೋಡಿದೆ.

ಅವನು ನಮ್ಮ ಕಟ್ಟಡದ ಲಿಫ್ಟ್ ಮೆಕ್ಯಾನಿಕ್. ತಿಂಗಳಿಗೊಮ್ಮೆ ಸರ್ವೀಸಿಗೆ ಬರುತ್ತಿದ್ದನಂತೆ. ನಾನು ನೆಲಮಹಡಿಯ ಮೂಲೆಯಲ್ಲಿ ಪ್ರಾಣಿಗಳ ಕ್ಲಿನಿಕ್ ಇಟ್ಟು ನಾಲ್ಕು ವರ್ಷವಾಗಿದ್ದರೂ ಒಮ್ಮೆಯೂ ಗಮನಿಸಿರಲಿಲ್ಲ. ಲಿಫ್ಟಿನ ಕೆಳಗಿನ ಗುಂಡಿಯಿಂದ ಮೂರು ದಿನಗಳಿಂದ ಬೆಕ್ಕಿನ ಕೂಗು ಕೇಳುತ್ತಿತ್ತು. ಲಿಫ್ಟ್ ನಿಲ್ಲಿಸಿದರೆ ಜನಕ್ಕೆ ತೊಂದರೆ ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಸುಮ್ಮನಿದ್ದರು. ಇವನು ಬಂದವನೇ ಮೇನ್ ಸ್ವಿಚ್ ಆರಿಸಿ, ಗುಂಡಿಗಿಳಿದು, ಪ್ರಾಣಿಯನ್ನು ತನ್ನ ಜಾಕೆಟ್ಟಿನಲ್ಲಿ ಸುತ್ತಿ ತಂದಿದ್ದ.

"ಕಾರ್ಯದರ್ಶಿ ಸಾರ್ ಐದು ಮಹಡಿ ಹತ್ಕೊಂಡು ಹೋದ್ರು. ಒಂದೊಂದು ಮಹಡೀಲೂ ನಿಂತು ನನ್ನನ್ನ ಬೈದ್ರು," ಎಂದ.

"ಅವರು ನನ್ನ ಚಿಕ್ಕಪ್ಪ."

"ಓ! ಗೊತ್ತಾಯ್ತು ಬಿಡಿ. ಬೈಯೋ ಧಾಟಿ ಒಂದೇ ಥರ ಇದೆ."

ನಗು ಬಂತು, ಅದುಮಿಕೊಂಡೆ. ಆಗಲೇ ಕಂಡಿದ್ದು ಅವನ ಮಣಿಕಟ್ಟು. ನಾಲ್ಕು ಹಲ್ಲಿನ ಗುರುತು, ಇನ್ನೂ ರಕ್ತ ಒಸರುತ್ತಿತ್ತು.

"ಕಚ್ಚಿದೆ ಅಂತ ಮೊದಲೇ ಹೇಳೋಕೆ ಏನಾಗಿತ್ತು?"

"ನೀವು ಬಿಡುವು ಕೊಟ್ಟಿದ್ರೆ ಹೇಳ್ತಿದ್ದೆ."

ಅವನ ಕೈಹಿಡಿದು ನಲ್ಲಿಯ ಕೆಳಗೆ ಎಳೆದೆ. ಪ್ರಾಣಿ ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಸಾವಿರ ಜನಕ್ಕೆ ಹೇಳಿದ್ದೇನೆ. ಆದರೆ ಹದಿನೈದು ನಿಮಿಷ ಅಷ್ಟು ಉದ್ದವಿರುತ್ತದೆಂದು ನನಗೇ ಗೊತ್ತಿರಲಿಲ್ಲ. ಅಪರಿಚಿತನ ನಾಡಿ ನನ್ನ ಹೆಬ್ಬೆರಳಿನಡಿ ಹೊಡೆದುಕೊಳ್ಳುತ್ತಿತ್ತು. ಅವನು ನಲ್ಲಿಯನ್ನು ನೋಡಲಿಲ್ಲ, ಗಾಯವನ್ನು ನೋಡಲಿಲ್ಲ.

"ಇವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ತಗೊಳ್ಳಿ," ಎಂದೆ, ನೀರಿಗೆ ಹೇಳುವಂತೆ.

ಅವನ ಮುಖ ಬಿಳಿಚಿಕೊಂಡಿತು. "ಇಪ್ಪತ್ತನೇ ಮಹಡೀಲಿ ಲಿಫ್ಟಿನ ನೆತ್ತಿ ಮೇಲೆ ನಿಂತು ಕೆಲಸ ಮಾಡ್ತೀನಿ ಡಾಕ್ಟ್ರೇ. ಆದ್ರೆ ಸೂಜಿ ಅಂದ್ರೆ..."

"ತಗೊಂಡು ಬಂದು ಚೀಟಿ ತೋರಿಸ್ಬೇಕು. ಇಲ್ಲಾಂದ್ರೆ ಬೆಕ್ಕು ನೋಡೋಕೆ ಬಿಡಲ್ಲ."

ಸಂಜೆ ಚೀಟಿಯೊಂದಿಗೆ ಬಂದ.

ಬೆಕ್ಕಿನ ಕೂದಲಿಗೆ ಅಡುಗೆ ಎಣ್ಣೆ ಸವರಿ ಕೀಲೆಣ್ಣೆ ಬಿಡಿಸಿದೆ, ಮೆದು ಸೋಪಿನಲ್ಲಿ ತೊಳೆದೆ, ಚರ್ಮದಡಿ ಸಲೈನ್ ಕೊಟ್ಟೆ, ಕಾಲಿನ ಕೀವು ತೆಗೆದು ಪಟ್ಟಿ ಕಟ್ಟಿದೆ. ಒಳಗಿಂದ ಬೂದು ಬಣ್ಣದ, ಒಂದು ಕಿವಿ ಹರಿದ ಹೆಣ್ಣು ಬೆಕ್ಕು ಹೊರಬಂತು. "ಹೆಸರು ಕೀಲೆಣ್ಣೆ," ಎಂದು ಅವನೇ ತೀರ್ಮಾನಿಸಿಬಿಟ್ಟ.

ಕಚ್ಚಿದ ಬೆಕ್ಕನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಅಷ್ಟು ದಿನ ಗಟ್ಟಿಯಾಗಿದ್ದರೆ ಕಚ್ಚಿಸಿಕೊಂಡವನಿಗೆ ಭಯವಿಲ್ಲ; ಅಲ್ಲಿಯವರೆಗೆ ಅದಕ್ಕೆ ಲಸಿಕೆಯೂ ಇಲ್ಲ. ಹೀಗಾಗಿ ಕೀಲೆಣ್ಣೆ ನನ್ನ ಒಳಕೋಣೆಯ ಪಂಜರದಲ್ಲಿ, ಅವನು ಪಂಜರದ ಮುಂದಿನ ಸ್ಟೂಲಿನಲ್ಲಿ. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬರುತ್ತಿದ್ದ.

"ಇವತ್ತು ನನ್ನನ್ನ ನೋಡಿ ಕಣ್ಣು ಮಿಟುಕಿಸಿದ್ಲು," ಎಂದ ಐದನೆಯ ದಿನ.

"ಬೆಕ್ಕು ನಿಧಾನವಾಗಿ ಕಣ್ಣು ಮುಚ್ಚಿ ತೆರೆದ್ರೆ ನಂಬಿಕೆ ಬಂದಿದೆ ಅಂತ ಅರ್ಥ."

ಅವನು ನನ್ನತ್ತ ತಿರುಗಿ, ಬಹಳ ಗಂಭೀರವಾಗಿ, ನಿಧಾನವಾಗಿ ಕಣ್ಣು ಮುಚ್ಚಿ ತೆರೆದ.

ನಾನು ಥರ್ಮಾಮೀಟರನ್ನು ಪೆನ್ನೆಂದು ತಿಳಿದು ಬರೆಯಲು ಹೊರಟೆ.

ಆರನೆಯ ದಿನ ಚಿಕ್ಕಮ್ಮ ಊಟದ ಡಬ್ಬಿ ಇಟ್ಟು ಹೋಗಲು ಬಂದರು. ಖಾಲಿ ಸ್ಟೂಲು ನೋಡಿದರು, ಅದರ ಪಕ್ಕದ ಎರಡು ಟೀ ಲೋಟ ನೋಡಿದರು, ನನ್ನನ್ನು ನೋಡಿದರು. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಜಗತ್ತಿಗೆ ಕಾಣಲ್ವೇನೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಜಗತ್ತಿಗೆ ಕಂಡಿತ್ತು. ಮರುದಿನ ಚಿಕ್ಕಪ್ಪ ಬಂದು ಬಾಗಿಲಲ್ಲೇ ನಿಂತರು.

ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಸಾಕಿ, ಓದಿಸಿ, ಪ್ರತಿ ಪರೀಕ್ಷೆಗೂ ಕಾಲೇಜಿನ ಗೇಟಿನ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದವರು ಅವರೇ. ಈ ಕೋಣೆಯೂ ಅವರದೇ. ಅವರಿಗೆ ಎದುರಾಡಿದ್ದು ನನಗೆ ನೆನಪಿಲ್ಲ.

"ಕಟ್ಟಡದಲ್ಲಿ ಹುಚ್ಚು ಬೆಕ್ಕಿದೆ ಅಂತ ಎಲ್ರೂ ನನ್ನ ತಲೆ ತಿಂತಿದ್ದಾರೆ. ಸಾಗಹಾಕು."

"ಹುಚ್ಚಿಲ್ಲ ಚಿಕ್ಕಪ್ಪ. ಇನ್ನು ಮೂರೇ ದಿನ. ಆಮೇಲೆ ಲಸಿಕೆ ಹಾಕ್ತೀನಿ, ಯಾರಿಗೂ ಭಯ ಇರಲ್ಲ."

"ಆ ಲಿಫ್ಟಿನವನಿಗೆ ದಿನಾ ಇಲ್ಲೇನು ಕೆಲಸ?"

ನಾನು ಪಂಜರದ ನೀರಿನ ಬಟ್ಟಲು ತುಂಬಿಸಿದೆ.

"ಡಾಕ್ಟರ್ ಮಾಡಿದ್ದು ಸ್ಪ್ಯಾನರ್ ಹಿಡಿಯೋನ ಜೊತೆ ಟೀ ಕುಡೀಲಿ ಅಂತಲ್ಲ," ಎಂದು ಹೇಳಿ ಹೊರಟುಹೋದರು.

ಇವನು ಹಿಡಿಯುವ ಸ್ಪ್ಯಾನರಿನ ಮೇಲೆ ನಂಬಿಕೆಯಿಟ್ಟೇ ಇಡೀ ಕಟ್ಟಡ ದಿನಾ ಮೇಲೆ ಕೆಳಗೆ ಓಡಾಡುತ್ತದೆ. ಅದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ ಎಂಬ ನಾಚಿಕೆ ಎರಡು ದಿನ ನನ್ನನ್ನು ಕೊರೆಯಿತು.

ಒಂಬತ್ತನೆಯ ದಿನ ಬೆಳಿಗ್ಗೆ, ಎದ್ದು ನಿಲ್ಲಲಾಗದ ಮುದಿ ನಾಯಿಯೊಂದನ್ನು ನೋಡಲು ಅದರ ಮನೆಗೆ ಹೋಗಿದ್ದೆ. ಮರಳಿ ಬಂದಾಗ ಕಟ್ಟಡದ ಮುಂದೆ ಬೀದಿ ಪ್ರಾಣಿಗಳನ್ನು ಹಿಡಿಯುವವರ ವ್ಯಾನು ನಿಂತಿತ್ತು. ಮೊಗಸಾಲೆಯಲ್ಲಿ, ಕ್ಲಿನಿಕ್ಕಿನ ಬಾಗಿಲ ಮುಂದೆ, ಹತ್ತು ಹನ್ನೆರಡು ಜನ. ಚಿಕ್ಕಪ್ಪನ ಕೈಯಲ್ಲಿ ಕ್ಲಿನಿಕ್ಕಿನ ಇನ್ನೊಂದು ಬೀಗದ ಕೈ. ಬಾಗಿಲಿಗೆ ಬೆನ್ನು ಕೊಟ್ಟು, ತನ್ನ ಟೂಲ್ ಬಾಕ್ಸಿನ ಮೇಲೆ ಅವನು ಕುಳಿತಿದ್ದ; ಸುದ್ದಿ ತಿಳಿದು ಕೆಲಸದಿಂದ ಓಡಿ ಬಂದಿದ್ದನಂತೆ.

"ಏಳಯ್ಯ ಮೇಲೆ!"

"ಹತ್ತು ದಿನ ನಾಳೆಗೆ ಮುಗಿಯುತ್ತೆ ಸಾರ್. ಕಚ್ಚಿಸ್ಕೊಂಡೋನು ನಾನು. ನನಗೇ ಭಯ ಇಲ್ಲ, ನಿಮಗ್ಯಾಕೆ?"

"ನಿನ್ನ ಕಂಪನಿಗೆ ಫೋನ್ ಮಾಡ್ತೀನಿ."

"ಮಾಡಿ ಸಾರ್. ನಂಬರ್ ಲಿಫ್ಟ್ ಒಳಗೇ ಅಂಟಿಸಿದೆ."

ಯಾರೋ ಕಿಸಕ್ಕೆಂದರು. ಚಿಕ್ಕಪ್ಪನ ಕಿವಿ ಕೆಂಪಾಯಿತು. ನಾನು ಜನರ ನಡುವೆ ನುಗ್ಗಿ ಅವನ ಪಕ್ಕ ಹೋಗಿ ನಿಂತೆ.

"ಬೀಗದ ಕೈ ಕೊಡಿ ಚಿಕ್ಕಪ್ಪ."

"ಪುಟ್ಟೀ, ಸರಿ ಆಚೆ."

"ಸರಿಯಲ್ಲ. ಒಳಗಿರೋದು ನನ್ನ ಪೇಷೆಂಟು. ಅದನ್ನ ಕಳಿಸೋದು ಬಿಡೋದು ನನ್ನ ಕೆಲಸ, ಸಂಘದ್ದಲ್ಲ."

"ನಿನ್ನ ಓದಿಸಿದ್ದು ಇದಕ್ಕೇನಾ?"

"ಇದಕ್ಕೇ. ಜೀವ ಉಳಿಸ್ಲಿ ಅಂತ ತಾನೇ ಓದಿಸಿದ್ದು? ಮೂರು ದಿನ ಅದು ನಿಮ್ಮೆಲ್ಲರ ಕಾಲಡಿ ಅಳ್ತಾ ಇತ್ತು. ನನಗೂ ಕೇಳಿಸಿತ್ತು, ಪಕ್ಕದ ಬೀದೀದು ಅಂದ್ಕೊಂಡು ನನ್ನ ಪಾಡಿಗೆ ನಾನಿದ್ದೆ. ಕೆಳಗಿಳಿದಿದ್ದು ಇವರೊಬ್ರೇ."

ಚಿಕ್ಕಪ್ಪನ ದನಿ ತಗ್ಗಿತು. ತಗ್ಗಿದಾಗಲೇ ಅದು ಹೆಚ್ಚು ಚುಚ್ಚುತ್ತಿತ್ತು. "ಇವನು ನಿನಗೇನಾಗ್ಬೇಕು?"

ಇಡೀ ಮೊಗಸಾಲೆ ನನ್ನತ್ತ ತಿರುಗಿತು. ಸುಳ್ಳು ಹೇಳಲು ಬೇಕಾದಷ್ಟು ಸಮಯವಿತ್ತು.

"ನನ್ನವರು," ಎಂದೆ.

ಟೂಲ್ ಬಾಕ್ಸ್ ಕಿರುಗುಟ್ಟಿತು. ಅವನು ಎದ್ದು ನಿಂತಿದ್ದ, ಇಪ್ಪತ್ತು ಮಹಡಿಯ ಎತ್ತರದಿಂದ ಕಾಲು ಜಾರಿದವನ ಮುಖ ಹೊತ್ತು.

ಚಿಕ್ಕಪ್ಪ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ಬೆಕ್ಕಿಗೆ ನಾಳೆವರೆಗೆ ಟೈಮು. ನಿನಗೆ ತಿಂಗಳ ಕೊನೆವರೆಗೆ. ಕೋಣೆ ಖಾಲಿ ಮಾಡು," ಎಂದರು. ವ್ಯಾನು ಖಾಲಿಯಾಗಿಯೇ ಹೋಯಿತು.

ಹತ್ತನೆಯ ದಿನ ಕೀಲೆಣ್ಣೆ ಮೀನಿನ ತುಂಡಿಗಾಗಿ ಪಂಜರದ ಕಂಬಿ ಬಗ್ಗಿಸುವಷ್ಟು ಗಟ್ಟಿಯಾಗಿದ್ದಳು. ಅವನ ಸೂಜಿಗಳು ಮುಗಿದವು, ಅವಳವು ಶುರುವಾದವು. ಜಂತಿನ ಔಷಧ ಕುಡಿಸಿ, ಬೆಕ್ಕಿನ ಜ್ವರ, ನೆಗಡಿ, ಭೇದಿಗಳ ಮೊದಲ ಲಸಿಕೆ ಹಾಕಿದೆ. ಸೂಜಿ ಕಂಡದ್ದೇ ಅವನು ಗೋಡೆಯತ್ತ ತಿರುಗಿ ನಿಂತ.

ತಿಂಗಳ ಕೊನೆಯವರೆಗೆ ನಾನು ಕಾಯಲಿಲ್ಲ. ಎರಡು ಬೀದಿ ಆಚೆ, ಮುಚ್ಚಿಹೋಗಿದ್ದ ಟೈರ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದೆ. ಅವನನ್ನು ಕಂಪನಿಯವರು ನಮ್ಮ ಕಟ್ಟಡದಿಂದ ತೆಗೆದು ಊರಿನ ಇನ್ನೊಂದು ತುದಿಗೆ ಹಾಕಿದ್ದರು. ಆದರೂ ರಜೆಯ ದಿನ ಬಂದು ಗೋಡೆಗೆ ಸುಣ್ಣ ಹೊಡೆದ, ವೈರಿಂಗ್ ಎಳೆದ, ಪರೀಕ್ಷೆಯ ಟೇಬಲ್ಲನ್ನು ಒಬ್ಬನೇ ಹೊತ್ತು ತಂದ. ಎಲ್ಲ ಮಾಡಿದ. ಅಂದು ಮೊಗಸಾಲೆಯಲ್ಲಿ ನಾನು ಆಡಿದ ಮಾತಿನ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ನನಗೆ ರಾತ್ರಿ ನಿದ್ದೆಯಿಲ್ಲ, ಹಗಲು ಹಸಿವಿಲ್ಲ. ಇಡೀ ಕಟ್ಟಡವನ್ನು ಎದುರಿಸಿದವಳಿಗೆ ಒಬ್ಬನ ಮೌನ ಎದುರಿಸಲಾಗುತ್ತಿರಲಿಲ್ಲ.

ಮೂರು ವಾರ ಕಳೆದು ಕೀಲೆಣ್ಣೆಯ ಎರಡನೇ ಲಸಿಕೆಯ ದಿನ ಬಂತು, ಜೊತೆಗೆ ರೇಬೀಸ್‌ದೂ. ಅಂದು ಅವನು ಗೋಡೆಯತ್ತ ತಿರುಗಲಿಲ್ಲ. ಎರಡೂ ಕೈಯಲ್ಲಿ ಅವಳನ್ನು ಹಿಡಿದು, ಸೂಜಿ ಚುಚ್ಚುವವರೆಗೂ ಕಣ್ಣು ಬಿಟ್ಟುಕೊಂಡೇ ನಿಂತ. ಹಣೆಯಲ್ಲಿ ಬೆವರು.

ನಾನು ಸಿರಿಂಜ್ ಕೆಳಗಿಟ್ಟೆ. "ಅವತ್ತು ನಾನು ಹೇಳಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ."

ಅವನು ಬೆಕ್ಕಿನ ಬೆನ್ನು ನೇವರಿಸಿದ. "ನೀವು ಕೋಪದಲ್ಲಿದ್ರಿ ಡಾಕ್ಟ್ರೇ. ಕೋಪದಲ್ಲಿ ಬಂದ ಮಾತು ಹಿಡ್ಕೊಂಡು ಕೂರೋದು ನ್ಯಾಯ ಅಲ್ಲ. ನಿಮ್ಮ ಕೋಪ ಇಳೀಲಿ ಅಂತ ಕಾಯ್ತಾ ಇದ್ದೆ."

"ಮೂರು ವಾರನಾ?"

"ನಿಮ್ಮ ಕೋಪ ನೋಡಿದ್ದೆನಲ್ಲ."

ನಾನು ನಕ್ಕೆ. ನಗುನಗುತ್ತಲೇ ಕಣ್ಣು ತುಂಬಿತು. "ಇಳಿದಿದೆ. ಈಗ ನನಗೆ ಯಾರ ಮೇಲೂ ಕೋಪ ಇಲ್ಲ. ನಿಮ್ಮ ಜೊತೆ ಬಾಳ್ಬೇಕು ಅಂತ ಆಸೆ ಇದೆ. ಅಷ್ಟೇ."

"ಜನ ಆಡ್ಕೊಳ್ತಾರೆ. ಡಾಕ್ಟರು, ಮೆಕ್ಯಾನಿಕ್ಕು ಅಂತ."

"ಆಡ್ಕೊಳ್ಳಲಿ. ಬಾಯಿ ನೋಯೋದು ಅವರಿಗೆ."

ಅವನು ಕೀಲೆಣ್ಣೆಯನ್ನು ಮೆಲ್ಲಗೆ ಪಂಜರಕ್ಕಿಳಿಸಿದ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನತ್ತ ಚಾಚಿದ. "ನನಗೂ ಅದೇ ಆಸೆ. ಮೊದಲ ದಿನ ನಲ್ಲಿ ಹತ್ರಾನೇ ಹುಟ್ಟಿದ್ದು. ಹೇಳೋ ಧೈರ್ಯಾನೇ ಇರ್ಲಿಲ್ಲ."

ನಾನು ಆ ಕೈ ಹಿಡಿದೆ.

ಅದೇ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಚಿಕ್ಕಮ್ಮ ಮುಂದೆ, ಹಿಂದೆ, ಬರಬೇಕೋ ಬೇಡವೋ ಎಂದು ಹೊಸ್ತಿಲಾಚೆಯೇ ನಿಂತ ಚಿಕ್ಕಪ್ಪ. ಚಿಕ್ಕಪ್ಪನ ಕಣ್ಣು ಹೊಸ ಗೋಡೆಗಳ ಮೇಲೆ ಹರಿದಾಡಿ, ನಮ್ಮ ಕೈಗಳ ಮೇಲೆ ಬಂದು ನಿಂತಿತು. ಮೂವತ್ತಮೂರು ವರ್ಷದ ನಾನು ಒಂಬತ್ತರ ಹುಡುಗಿಯಾಗಿಬಿಟ್ಟೆ. ಅವನ ಬೆರಳು ಸಡಿಲವಾಯಿತು. ನಾನು ಬಿಗಿ ಮಾಡಿದೆ.

"ಬನ್ನಿ ಚಿಕ್ಕಪ್ಪ, ಒಳಗೆ ಬನ್ನಿ," ಎಂದೆ.

ಕೈ ಮಾತ್ರ ಬಿಡಲಿಲ್ಲ.