ಕೆಳಗಿನಿಂದ ಬರೆದ ಚಾವಣಿ

“ನೀರು ಗಂಟೆಗೆ ಒಂದು ಮೀಟರ್ ಏರ್ತಿದೆ. ಒಂಬತ್ತರಲ್ಲಿ ಇನ್ನೂ ಎಂಟು ಮೀಟರ್ ಬಾಕಿ. ಅಂದ್ರೆ ಎಂಟು ಗಂಟೆ ಇದೆ, ಗಾಬರಿ ಬೇಡ,” ಎಂದರು ಸರ್ವೆ ತಂಡದ ಮುಖ್ಯಸ್ಥರು, ಗುಹೆಯ ಬಾಯಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ.

ಶಾಲೆಯಲ್ಲಿ ಗಣಿತ ಕಲಿಸುವ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಕೆಳಗಿನ ಕೋಣೆಯಲ್ಲಿ ಸಿಕ್ಕಿಬಿದ್ದದ್ದು ಅವಳ ಒಡಹುಟ್ಟಿದ ಅಕ್ಕ. ಗುಹೆಗಳನ್ನು ಅಳೆದು ನಕ್ಷೆ ಬರೆಯುವುದೇ ಅಕ್ಕನ ಕೆಲಸ. ಬೆಳಿಗ್ಗೆ ಅವಳು ಒಳಗಿದ್ದಾಗಲೇ ಹೊಳೆ ಉಕ್ಕಿ, ಅವಳು ಬಂದ ದಾರಿ ಮುಳುಗಿತ್ತು. ತಂತಿ ಫೋನಿನಲ್ಲಿ ನೀರಿನ ಲೆಕ್ಕ ಹೇಳುತ್ತಿದ್ದಂತೆ ಮಾತು ಕಡಿದುಹೋಗಿತ್ತು.

“ಆ ಕೋಣೆ ಡ್ರಮ್ಮಲ್ಲ ಸಾರ್, ಶಂಕು!” ಎಂದಳು ಅವಳು. “ಕೆಳಗೆ ಅಗಲ, ಮೇಲೆ ಚೂಪು. ಜಾಗ ಕಿರಿದಾದ ಹಾಗೆ ನೀರು ಬೇಗ ಬೇಗ ಏರುತ್ತೆ. ಮೊದಲ ಗಂಟೇಲೇ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ತುಂಬಿದೆ. ನಮಗಿರೋದು ಎರಡೂವರೆ ಗಂಟೆ, ಅದೂ ಪೂರ್ತಿ ಇಲ್ಲ!”

“ಪಾಠ ಆಮೇಲೆ ಮಾಡು ಪುಟ್ಟಿ, ನಡಿ,” ಎಂದು ಭಾವ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದ. ಅಕ್ಕನ ಗಂಡ ಅವನು, ತಂಡದ ಹಗ್ಗದ ಕೆಲಸವೆಲ್ಲ ಅವನದೇ.

ಉಳಿದಿದ್ದು ಒಂದೇ ದಾರಿ. ಆ ಕೋಣೆಯ ಮೇಲೆ ಇನ್ನೊಂದು ಅಂತಸ್ತಿನ ಗುಹೆ ಇತ್ತು. ಶಂಕುವಿನ ತುದಿಯಲ್ಲಿ ಒಂದು ಕಿಂಡಿಯಿತ್ತು, ಕಲ್ಲು ಬಿದ್ದು ಮುಚ್ಚಿಹೋಗಿತ್ತು. ಅದನ್ನು ಮೇಲಿನಿಂದ ಬಿಡಿಸಿದರೆ, ನೀರಿನ ಜೊತೆ ತೇಲಿ ಬರುವ ಅಕ್ಕನನ್ನು ಎಳೆದುಕೊಳ್ಳಬಹುದು. ಬಿಡಿಸದಿದ್ದರೆ ಅವಳು ಆ ಕಲ್ಲಿಗೇ ತಲೆ ತಾಗಿಸಿಕೊಂಡು ಮುಳುಗಬೇಕು.

ಮೂವರೂ ನುಗ್ಗಿದರು. ಒಳಗೆ ಸುಣ್ಣಕಲ್ಲಿನ ಗೋಡೆಗಳು ತೇವದಿಂದ ಹೊಳೆಯುತ್ತಿದ್ದವು. ಕೆಲವು ಕಡೆ ಚಾವಣಿಯಿಂದ ಇಳಿದ ಕಲ್ಲಿನ ಕೋಲುಗಳು ನೆಲದ ಕಂಬಗಳನ್ನು ಮುಟ್ಟಿದ್ದವು, ಕೆಲವು ಕಡೆ ಬೆರಳಗಲದ ಅಂತರದಲ್ಲಿ ನಿಂತಿದ್ದವು. ಬೇರೆ ದಿನವಾಗಿದ್ದರೆ ಟೀಚರು ಬಾಯಿಬಿಟ್ಟು ನೋಡುತ್ತಿದ್ದಳು. ಇವತ್ತು ಕಾಲಿಗೆ ಅಡ್ಡ ಬಂದ ಪ್ರತಿ ಕಂಬಕ್ಕೂ ಶಾಪ ಹಾಕುತ್ತ ತೆವಳಿದಳು.

ಕೆಳಗಿನ ಮುಳುಗಿದ ದಾರಿಗೆ ಇಳಿಯುವ ಬಾವಿಯಂಥ ಕಂದಕದ ಅಂಚಿಗೆ ಹೊಡೆದ ಕಬ್ಬಿಣದ ಗೂಟ ಸಿಕ್ಕಿತು. ಎರಡೂ ಅಂತಸ್ತಿನ ಅಳತೆಗೆ ಅದೇ ಮೂಲಬಿಂದು. ಪೂರ್ವಕ್ಕೆ ಎಕ್ಸ್ ಅಕ್ಷ, ಉತ್ತರಕ್ಕೆ ವೈ ಅಕ್ಷ.

ಮುಖ್ಯಸ್ಥರು ಅಕ್ಕ ಬರೆದ, ಆದರೆ ತಮ್ಮ ಹೆಸರು ದಪ್ಪಕ್ಷರದಲ್ಲಿದ್ದ ಅಚ್ಚಿನ ನಕ್ಷೆ ಬಿಡಿಸಿದರು. “ಕಿಂಡಿ: ಎಕ್ಸ್ ಮೂವತ್ತು, ವೈ ನಲವತ್ತು.”

ಪೂರ್ವಕ್ಕೆ ಮೂವತ್ತು ಮೀಟರ್, ಉತ್ತರಕ್ಕೆ ನಲವತ್ತು. ಟೇಪು ಎಳೆದರು. ನಿಂತರು.

ಕಾಲಡಿಯಲ್ಲಿ ಗಟ್ಟಿ ಬಂಡೆ.

ಭಾವ ಸುತ್ತಿಗೆಯಿಂದ ಬಡಿದ. ಟೊಳ್ಳು ಸದ್ದಿಲ್ಲ. ಐದು ಹೆಜ್ಜೆ ಆಚೆ ಬಡಿದ. ಅಲ್ಲೂ ಇಲ್ಲ. ಒಂದೂವರೆ ಗಂಟೆ ಆಗಲೇ ಕಳೆದಿತ್ತು.

“ಇನ್ನೇನೂ ಮಾಡಕ್ಕಾಗಲ್ಲ, ವಾಪಸ್ ಹೋಗಿ ಪಂಪು ತರಿಸೋಣ,” ಎಂದರು ಮುಖ್ಯಸ್ಥರು.

“ನೀವು ಹೋಗಿ!” ಟೀಚರ ಕೂಗು ಗುಹೆಯಲ್ಲೆಲ್ಲ ಸುತ್ತಾಡಿತು. ಅವಳು ನಕ್ಷೆ ಕಿತ್ತುಕೊಂಡಳು.

“ಕಾಗದಾನ ತಲೆಕೆಳಗೆ ಹಿಡಿದಿದ್ದೀವಾ?” ಎಂದ ಭಾವ.

“ಅರ್ಧ ಸುತ್ತು ತಿರುಗಿಸಿದ್ರೆ ವೈ ಕೂಡ ಉಲ್ಟಾ ಆಗುತ್ತೆ ಭಾವ. ದಕ್ಷಿಣಕ್ಕೆ ಗುಹೆಯೇ ಇಲ್ಲ.”

ಅವಳು ಕಣ್ಣು ಮುಚ್ಚಿದಳು. ಕಳೆದ ರಜೆಯಲ್ಲಿ ಅಕ್ಕ ಆ ಕೋಣೆಯ ನೆಲದಲ್ಲಿ ಅಂಗಾತ ಮಲಗಿ, ಕಾಗದವನ್ನು ಮುಖದ ಮೇಲೆ ಹಿಡಿದು ಚಾವಣಿ ಬರೆದದ್ದು, ತಾನು ದೀಪ ಹಿಡಿದದ್ದು ನೆನಪಾಯಿತು. ತಲೆ ಉತ್ತರಕ್ಕಿತ್ತು. ಹಾಗೆ ಮಲಗಿ ಮೇಲೆ ನೋಡಿದರೆ ಪೂರ್ವ ಎಡಕ್ಕೆ, ಪಶ್ಚಿಮ ಬಲಕ್ಕೆ ಬರುತ್ತದೆ!

“ಇದು ಪ್ರತಿಫಲನ! ಕನ್ನಡಿಯೊಳಗಿನ ಚಿತ್ರ! ವೈ ಹಾಗೇ ಇರುತ್ತೆ, ಎಕ್ಸಿನ ಚಿಹ್ನೆ ಮಾತ್ರ ಬದಲಾಗುತ್ತೆ. ಕಿಂಡಿ ಇರೋದು ಮೈನಸ್ ಮೂವತ್ತರಲ್ಲಿ, ಪಶ್ಚಿಮಕ್ಕೆ! ಕೆಳಗಿನಿಂದ ನೋಡಿದ್ದು ಅಂತ ಅಕ್ಕ ಅಂಚಲ್ಲಿ ಬರೆದೇ ಬರೀತಾಳೆ. ಎಲ್ಲಿ ಆ ಅಂಚು?”

ಮುಖ್ಯಸ್ಥರು ತೊದಲಿದರು. “ಅಚ್ಚಿನ ಚೌಕಟ್ಟಿಗೆ ಹಿಡಿಸ್ಲಿಲ್ಲ. ಅಂಚು ನಾಲ್ಕು ಬೆರಳಗಲ ಕತ್ತರಿಸಿದೆ.”

ಕಪಾಳಕ್ಕೆ ಬಾರಿಸಲು ಅವಳ ಕೈ ತುರಿಸಿತು. ಬಾರಿಸಲೂ ಸಮಯವಿರಲಿಲ್ಲ. “ಟೇಪು ಹಿಡೀರಿ!”

ಪಶ್ಚಿಮಕ್ಕೆ ಅರವತ್ತು ಮೀಟರ್. ಓಡಿದರು. ಜಾರಿದರು. ಭಾವನ ಮೊಣಕಾಲು ತರಚಿ ರಕ್ತ ಸುರಿಯಿತು.

ಅಲ್ಲಿ ಕಲ್ಲಿನ ರಾಶಿ. ಸಂದಿನಿಂದ ತಣ್ಣನೆ ಗಾಳಿ ಬುಸುಗುಡುತ್ತಿತ್ತು, ನೀರು ದಬ್ಬುತ್ತಿದ್ದ ಗಾಳಿ.

“ಅಕ್ಕಾ!”

ಕಲ್ಲು ಕಿತ್ತರು. ಉಗುರುಗಳು ಮುರಿದವು. ಮುಖ್ಯಸ್ಥರೂ ಮಂಡಿಯೂರಿ ಕಿತ್ತರು. ಹಾರೆಯ ಮೇಲೆ ಭಾವ ಇಡೀ ಮೈ ಭಾರ ಹಾಕಿದ. ದೊಡ್ಡ ಕಲ್ಲು ಮಗುಚಿತು.

ಕೆಳಗೆ ಕಪ್ಪು ನೀರು, ಅದರಿಂದ ಮೇಲಕ್ಕೆತ್ತಿದ ಒಂದು ಮುಖ. ಬಾಯಿಯವರೆಗೆ ನೀರು.

ಭಾವ ಹಗ್ಗ ಬಿಟ್ಟ. ಮೂವರೂ ಎಳೆದರು.

ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಚುಚ್ಚಿತು. ಅಕ್ಕ ಬಂಡೆಗೊರಗಿ ಕುಳಿತಳು, ಭಾವ ತನ್ನ ಅಂಗಿ ಹೊದಿಸಿದ. ಮುಖ್ಯಸ್ಥರು ಹತ್ತಿರ ಬಂದು, “ಅಂತೂ ಸಾಧಿಸಿಬಿಟ್ವಿ,” ಎಂದರು.

ಅಕ್ಕನಿಗೆ ದನಿಯೇ ಹೊರಡುತ್ತಿರಲಿಲ್ಲ. “ನೀವು ಆ ಕಡೆ ಬಡೀತಿದ್ದದ್ದು ನನಗೆ ಕೇಳಿಸ್ತಿತ್ತು ಸಾರ್. ‘ಈ ಕಡೆ, ಈ ಕಡೆ’ ಅಂತ ಕೂಗಿ ಕೂಗಿ ಗಂಟಲು ಹೋಯ್ತು. ಆಮೇಲೆ ಬಡಿಯೋದು ನಿಂತೋಯ್ತು.”

ಮುಖ್ಯಸ್ಥರು ಆಚೆ ತಿರುಗಿ ನಿಂತರು.

ಟೀಚರ ಸಿಟ್ಟು ಇಳಿದಿರಲಿಲ್ಲ. ನಾಳೆ ಅವರ ಆಫೀಸಿಗೆ ಹೋಗಿ ಎಲ್ಲರೆದುರೇ ಕೇಳುವುದು ಬಹಳವಿತ್ತು. ಸದ್ಯಕ್ಕೆ ಅವಳು ಅಕ್ಕನ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಬಿಡೇ, ಮೂಳೆ ಮುರೀತೀಯ,” ಎಂದಳು ಅಕ್ಕ.

ಅವಳು ಬಿಡಲಿಲ್ಲ.